ಮಿತ್ಸುಯಿ ಮನೆತನ: ಉತ್ತರಾಧಿಕಾರಿಯ ಶಿಕ್ಷಣ

ಸಂಪತ್ತನ್ನು ಗಳಿಸುವ ಶಕ್ತಿ ಬೇರೆ. ಗಳಿಸಿದ್ದನ್ನು ಉಳಿಸುವ ಶಕ್ತಿ ಬೇರೆ. ಉಳಿಸಿದ್ದನ್ನು ಯೋಗ್ಯವಾದ ಕೈಗಳಿಗೆ ಒಪ್ಪಿಸುವ ಶಕ್ತಿ ಇವೆರಡಕ್ಕಿಂತಲೂ ಬೇರೆ. ಮೊದಲನೆಯದಕ್ಕೆ ಸಾಹಸ ಬೇಕು, ಎರಡನೆಯದಕ್ಕೆ ಮಿತವ್ಯಯ ಬೇಕು, ಮೂರನೆಯದಕ್ಕೆ ಪುತ್ರವಾತ್ಸಲ್ಯವನ್ನು ಹತೋಟಿಯಲ್ಲಿಡುವ ವಿವೇಕ ಬೇಕು. ಲೋಕದಲ್ಲಿ ಮೊದಲೆರಡು ಗುಣಗಳುಳ್ಳವರು ಅನೇಕರು, ಮೂರನೆಯದುಳ್ಳವರು ವಿರಳ. ದೊಡ್ಡ ದೊಡ್ಡ ವರ್ತಕ ಮನೆತನಗಳು ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಹೇಳಹೆಸರಿಲ್ಲದಂತಾದುದನ್ನು ಹಲವು ದೇಶಗಳ ಇತಿಹಾಸದಲ್ಲಿ ಕಾಣಬಹುದು. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬ ಕನ್ನಡ ಗಾದೆಯ ಹಿಂದೆ ಇಂಥ ಎಷ್ಟೋ ಮನೆಗಳ ಅನುಭವ ಅಡಗಿದೆ.

ಈ ಗಂಡಾಂತರವನ್ನು ಮೊದಲೇ ಕಂಡು, ಅದಕ್ಕೆ ಪರಿಹಾರವನ್ನು ಬುದ್ಧಿಪೂರ್ವಕವಾಗಿ ಹುಡುಕಿದ ಮನೆತನಗಳಲ್ಲಿ ಜಪಾನಿನ ಮಿತ್ಸುಯಿ ಮನೆತನ ಮುಖ್ಯವಾದುದು. ಹದಿನೇಳನೆಯ ಶತಮಾನದಲ್ಲಿ ಒಂದು ಸಣ್ಣ ಜವಳಿ ಅಂಗಡಿಯಿಂದ ಹೊರಟ ಈ ಮನೆ ಎರಡೂಮುಕ್ಕಾಲು ಶತಮಾನಗಳ ಕಾಲ ಒಂದೇ ವಂಶದ ಒಡೆತನದಲ್ಲಿ ನಡೆಯಿತು. ಇದಕ್ಕೆ ಅದೃಷ್ಟವೂ ರಾಜಾಶ್ರಯವೂ ಕಾರಣವಾಗಿದ್ದುವು ಎಂಬುದು ನಿಜ. ಆದರೆ ಅವೆರಡನ್ನೂ ಪಡೆದ ಬೇರೆ ಮನೆಗಳು ಅದೇ ಕಾಲದಲ್ಲಿ, ಅದೇ ಪಟ್ಟಣಗಳಲ್ಲಿ ಬಿದ್ದುಹೋದುವು. ಮಿತ್ಸುಯಿ ಮನೆಯವರು ಮಾಡಿದ ಒಂದು ಕೆಲಸವನ್ನು ಆ ಮನೆಗಳು ಮಾಡಲಿಲ್ಲ. ಮಗನನ್ನು ಆಸ್ತಿಯ ಒಡೆಯನೆಂದು ಬೆಳೆಸದೆ, ಮನೆಯ ಕೆಲಸಗಾರನೆಂದು ಬೆಳೆಸುವುದೇ ಆ ಕೆಲಸ. ಈ ತತ್ತ್ವವನ್ನು ಅವರು ಹೇಗೆ ಕಂಡುಕೊಂಡರು, ಹೇಗೆ ಆಚರಿಸಿದರು, ಎಲ್ಲಿ ಮರೆತು ಎಡವಿದರು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ತಾಯಿಯ ಪಾಠಶಾಲೆ

ಮಿತ್ಸುಯಿಗಳು ಮೂಲತಃ ಕತ್ತಿ ಹಿಡಿದ ಯೋಧರ ವಂಶದವರು. ಈ ವಂಶದ ಪೂರ್ವಿಕನಾದ ತಕಯಸು ಎಂಬಾತನಿಗೆ 'ಎಚಿಗೊ'ದ ಅಧಿಪತಿಯೆಂಬ ಬಿರುದಿತ್ತು. ಯುದ್ಧಗಳು ಮುಗಿದು ತೊಕುಗವ ಶೋಗುನರ ಆಳ್ವಿಕೆ ನೆಲೆಗೊಂಡ ಮೇಲೆ ಅವನ ಮಗ ಕತ್ತಿಯನ್ನು ಬಿಟ್ಟು, ಇಸೆ ಪ್ರಾಂತದ ಮತ್ಸುಸಕ ಎಂಬ ಪೇಟೆಯಲ್ಲಿ ಅಕ್ಕಿಯ ಮದ್ಯದ ಅಂಗಡಿಯನ್ನಿಟ್ಟ. ಜೊತೆಗೆ ಗಿರವಿ ವ್ಯವಹಾರವನ್ನೂ ನಡೆಸಿದ. ಊರ ಜನ ಅದನ್ನು ಹಳೆಯ ಬಿರುದಿನಿಂದಲೇ 'ಎಚಿಗೊ ಒಡೆಯರ ಅಂಗಡಿ' ಎಂದು ಕರೆದರು. ಮುಂದೆ ಮನೆತನದ ಜವಳಿ ಅಂಗಡಿಗೆ 'ಎಚಿಗೊಯ' ಎಂಬ ಹೆಸರು ಬಂದುದು ಹೀಗೆ.

ಆದರೆ ವ್ಯಾಪಾರದಲ್ಲಿ ಈ ಗೃಹಸ್ಥನಿಗೆ ಅಷ್ಟು ಮನಸ್ಸಿರಲಿಲ್ಲ. ಅಂಗಡಿಯನ್ನು ನಿಜವಾಗಿ ನಡೆಸಿದವಳು ಅವನ ಹೆಂಡತಿ ಶುಹೊ. ವರ್ತಕರ ಮನೆಯಲ್ಲಿ ಹುಟ್ಟಿದ ಆಕೆ ಲೆಕ್ಕದಲ್ಲಿ ಚುರುಕು, ದುಡಿಮೆಯಲ್ಲಿ ನಿಷ್ಠೆ, ಖರ್ಚಿನಲ್ಲಿ ಬಿಗಿ ಉಳ್ಳವಳು. ಬಳಸಿ ಬಿಟ್ಟ ವಸ್ತುವೂ ಆಕೆಯ ಕೈಯಲ್ಲಿ ವ್ಯರ್ಥವಾಗುತ್ತಿರಲಿಲ್ಲವೆಂದು ಮನೆತನದ ಹಿರಿಯರು ನೆನೆಯುತ್ತಿದ್ದರು. 1633ರಲ್ಲಿ ಪತಿ ತೀರಿಕೊಂಡ ಮೇಲೂ ಆಕೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿ ಮನೆಗೆ ಆಧಾರವಾಗಿದ್ದಳು. ಆಕೆಯ ಕಿರಿಯ ಮಗನೇ 1622ರಲ್ಲಿ ಹುಟ್ಟಿದ ತಕತೊಶಿ, ಮಿತ್ಸುಯಿ ವ್ಯಾಪಾರದ ಮೂಲಪುರುಷ. ಈ ಮನೆತನದ ಶಿಕ್ಷಣಪದ್ಧತಿಯ ಮೊದಲ ಗುರು ಒಬ್ಬ ಹೆಂಗಸೆಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಬರೆಯಲ್ಪಟ್ಟ ಕಟ್ಟಳೆಗಳಲ್ಲಿ ಕಾಣುವ ಮಿತವ್ಯಯ, ಎಚ್ಚರ, ಸ್ವತಃ ಕೈಯಾಡಿಸಿ ದುಡಿಯಬೇಕೆಂಬ ಆಗ್ರಹ ಇವೆಲ್ಲ ಆಕೆಯ ಬಾಳಿನಲ್ಲಿ ಮೊದಲೇ ಇದ್ದುವು.

ತಕತೊಶಿಯನ್ನು ಹದಿನಾಲ್ಕನೆಯ ವರ್ಷದಲ್ಲಿ, ಎಂದರೆ 1635ರಲ್ಲಿ, ಎಡೊ ಪಟ್ಟಣಕ್ಕೆ ಕಳುಹಿಸಲಾಯಿತು. ಇಂದಿನ ಟೋಕಿಯೊ ನಗರದ ಅಂದಿನ ಹೆಸರೇ ಎಡೊ. ಅಲ್ಲಿ ಅವನ ಅಣ್ಣನ ಜವಳಿ ಅಂಗಡಿಯಿತ್ತು. ತಮ್ಮನೆಂಬ ಕಾರಣಕ್ಕೆ ಅವನಿಗೆ ಗಾದಿಯ ಮೇಲೆ ಜಾಗ ಸಿಕ್ಕಲಿಲ್ಲ. ಅಂಗಡಿಯ ಆಳಾಗಿ ದುಡಿದು ಕೆಲಸ ಕಲಿತ. ಕಲಿತುದು ಎಷ್ಟು ಚೆನ್ನಾಗಿತ್ತೆಂದರೆ, ಅವನ ಸಾಮರ್ಥ್ಯಕ್ಕೆ ಅಣ್ಣನೇ ಅಂಜಿದನೆಂಬ ಹೇಳಿಕೆಯುಂಟು. ಇಪ್ಪತ್ತೆಂಟನೆಯ ವರ್ಷದಲ್ಲಿ, ವೃದ್ಧಳಾದ ತಾಯಿಯನ್ನು ನೋಡಿಕೊಳ್ಳುವ ಹೊಣೆಯಿಂದ ಅವನು ಮತ್ಸುಸಕಕ್ಕೆ ಹಿಂದಿರುಗಬೇಕಾಯಿತು.

ಕಾದ ವರ್ಷಗಳು

ಆ ನಂತರದ ಇಪ್ಪತ್ತನಾಲ್ಕು ವರ್ಷಗಳು ತಕತೊಶಿಯ ಜೀವನದಲ್ಲಿ ಮೇಲುನೋಟಕ್ಕೆ ಬರಿದಾದ ವರ್ಷಗಳು. ಎಡೊದಲ್ಲಿ ಸ್ವಂತ ಅಂಗಡಿ ತೆರೆಯಬೇಕೆಂಬ ಆಸೆಯಿದ್ದರೂ ಅಣ್ಣನ ಎದುರಿಗೆ ಅಂಗಡಿಯಿಡುವುದು ಆ ಕಾಲದ ಕುಲಧರ್ಮಕ್ಕೆ ಒಪ್ಪುವಂತಿರಲಿಲ್ಲ. ಅವನು ಮತ್ಸುಸಕದಲ್ಲಿಯೇ ಕುಳಿತು ಲೇವಾದೇವಿ ನಡೆಸಿದ, ಬಂಡವಾಳವನ್ನು ಕೂಡಿಸಿದ. ಅದಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ಬೆಳೆಸಿದ.

ಅವನಿಗೆ ಹತ್ತಕ್ಕೂ ಹೆಚ್ಚು ಮಕ್ಕಳು. ಹಿರಿಯ ಗಂಡುಮಕ್ಕಳು ಹದಿನೈದರ ಸುಮಾರಿಗೆ ಬಂದಂತೆ ಒಬ್ಬೊಬ್ಬರನ್ನಾಗಿ ಎಡೊಗೆ ಕಳುಹಿಸಿ, ಬಂಧುಗಳ ಅಂಗಡಿಗಳಲ್ಲಿ ಕೆಲಸಕ್ಕೆ ಇರಿಸಿದ. ತಾನು ನಡೆದ ದಾರಿಯಲ್ಲಿಯೇ ಅವರನ್ನೂ ನಡೆಸಿದ. ತನ್ನ ಕಣ್ಣೆದುರಿಗೆ, ತನ್ನ ಹಣದ ನೆರಳಿನಲ್ಲಿ ಅವರು ಬೆಳೆಯುವುದು ಬೇಡವೆಂಬ ಎಣಿಕೆ ಇದರಲ್ಲಿ ಸ್ಪಷ್ಟವಾಗಿದೆ. ತಂದೆಯ ಅಂಗಡಿಯಲ್ಲಿ ಮಗ ಮಾಡಿದ ತಪ್ಪನ್ನು ತಿದ್ದಲು ಗುಮಾಸ್ತರು ಹಿಂಜರಿಯುತ್ತಾರೆ; ಬೇರೆಯವರ ಅಂಗಡಿಯಲ್ಲಿ ತಪ್ಪು ತಪ್ಪಾಗಿಯೇ ಉಳಿಯುತ್ತದೆ, ತಿದ್ದಲ್ಪಡುತ್ತದೆ.

1673ರಲ್ಲಿ ಅಣ್ಣ ತೀರಿಕೊಂಡ. ಐವತ್ತೆರಡನೆಯ ವರ್ಷದಲ್ಲಿದ್ದ ತಕತೊಶಿ ತಾಯಿಯ ಒಪ್ಪಿಗೆ ಪಡೆದು ಎಡೊದ ಹೊಂಚೊ ಬೀದಿಯಲ್ಲಿ ಎಚಿಗೊಯ ಅಂಗಡಿಯನ್ನು ತೆರೆದ. ಸರಕು ಕೊಳ್ಳಲು ಕ್ಯೋಟೊ ಪಟ್ಟಣದಲ್ಲಿ ಮತ್ತೊಂದು ಮಳಿಗೆಯನ್ನಿಟ್ಟ. ಎಡೊದ ಅಂಗಡಿಯ ಮುಂಭಾಗ ಸುಮಾರು ಒಂಬತ್ತು ಅಡಿ ಅಗಲ ಮಾತ್ರ. ಸೋಜಿಗದ ಸಂಗತಿಯೆಂದರೆ, ಅಂಗಡಿಯಲ್ಲಿ ಕುಳಿತವನು ತಕತೊಶಿಯಲ್ಲ. ಅವನು ಮತ್ಸುಸಕದಲ್ಲಿಯೇ ಉಳಿದು ಪತ್ರಮುಖೇನ ಸೂಚನೆ ಕೊಡುತ್ತಿದ್ದ. ಎರಡು ಪಟ್ಟಣಗಳ ವ್ಯವಹಾರ ನಡೆಸಿದವರು ಮಕ್ಕಳು. ಇಪ್ಪತ್ತನಾಲ್ಕು ವರ್ಷಗಳ ಕಾಯುವಿಕೆಯಲ್ಲಿ ಅವನು ಸಿದ್ಧಗೊಳಿಸಿದ್ದ ನಿಜವಾದ ಬಂಡವಾಳ ಯಾವುದೆಂಬುದು ಆಗ ತಿಳಿದುಬಂತು. ಸಾಮಾನ್ಯವಾಗಿ ತಂದೆ ಅಂಗಡಿಯನ್ನು ಕಟ್ಟಿ ಆ ಮೇಲೆ ಮಗನನ್ನು ಅದಕ್ಕೆ ಒಗ್ಗಿಸುತ್ತಾನೆ. ಇಲ್ಲಿ ಮಕ್ಕಳು ಮೊದಲು ಸಿದ್ಧರಾದರು, ಅಂಗಡಿ ಆ ಮೇಲೆ ಹುಟ್ಟಿತು.

ಎಚಿಗೊಯದ ಹೊಸ ದಾರಿ

ಆ ಕಾಲದ ಎಡೊದಲ್ಲಿ ಹೆಸರಾಂತ ಜವಳಿ ವರ್ತಕರು ಸರಕನ್ನು ಹೊತ್ತು ದೊರೆಗಳ ಮತ್ತು ಯೋಧರ ಮನೆಗಳಿಗೆ ಹೋಗುತ್ತಿದ್ದರು. ಬೆಲೆಯಲ್ಲಿ ಚೌಕಾಶಿ ನಡೆಯುತ್ತಿತ್ತು. ಮಾರಾಟವೆಲ್ಲ ಉದ್ರಿ, ಹಣ ವರ್ಷಕ್ಕೆ ಒಂದು ಸಲವೋ ಎರಡು ಸಲವೋ ಬರುತ್ತಿತ್ತು. ತಡವಾಗಿ ಬರುವ ಹಣದ ಬಡ್ಡಿಯನ್ನೂ ಮುಳುಗಿಹೋಗುವ ಹಣದ ನಷ್ಟವನ್ನೂ ವರ್ತಕ ಬೆಲೆಯಲ್ಲಿಯೇ ಸೇರಿಸುತ್ತಿದ್ದ. ಎಚಿಗೊಯ ಈ ಕ್ರಮವನ್ನು ತಲೆಕೆಳಗು ಮಾಡಿತು. ಗಿರಾಕಿ ಅಂಗಡಿಗೆ ಬರಬೇಕು. ಹಣ ನಗದಾಗಿ ಕೊಡಬೇಕು. ಬೆಲೆ ಎಲ್ಲರಿಗೂ ಒಂದೇ. ಬೇಕಾದಷ್ಟೇ ಬಟ್ಟೆಯನ್ನು ಕತ್ತರಿಸಿಯೂ ಕೊಡಲಾಗುವುದು. ಇಡೀ ಥಾನನ್ನು ಕೊಳ್ಳಲಾರದ ಸಾಮಾನ್ಯ ಪಟ್ಟಣಿಗರಿಗೆ ಇದು ವರದಾನವಾಯಿತು.

ಹಳೆಯ ವರ್ತಕರು ಕೆರಳಿ ಬಹಿಷ್ಕಾರ ಹಾಕಿದರು, ಹಲವು ಬಗೆಯ ಕಿರುಕುಳ ಕೊಟ್ಟರು. ಅಗ್ನಿ ಅನಾಹುತವೊಂದರ ನಂತರ 1683ರಲ್ಲಿ ಅಂಗಡಿ ಸುರುಗಚೊ ಎಂಬ ಬೀದಿಗೆ ಸ್ಥಳಾಂತರವಾಯಿತು. ಪಕ್ಕದಲ್ಲಿಯೇ ನಾಣ್ಯ ವಿನಿಮಯದ ಸರಾಫಿ ಅಂಗಡಿಯೂ ತೆರೆಯಿತು. 1687ರ ವೇಳೆಗೆ ಶೋಗುನನ ಅರಮನೆಗೆ ಬಟ್ಟೆ ಒದಗಿಸುವ ಹಕ್ಕು ದೊರೆಯಿತು. ಮರುವರ್ಷ ಪ್ರಕಟವಾದ ಇಹರ ಸೈಕಾಕುವಿನ ವರ್ತಕ ಕಥೆಗಳ ಗ್ರಂಥದಲ್ಲಿ ಈ ಅಂಗಡಿಯ ವರ್ಣನೆಯೇ ಬಂದಿದೆ. ಒಂದೊಂದು ಬಗೆಯ ಬಟ್ಟೆಗೆ ಒಬ್ಬೊಬ್ಬ ಗುಮಾಸ್ತನನ್ನು ನೇಮಿಸಿದ್ದ ಅಲ್ಲಿಯ ಶಿಸ್ತನ್ನು ಆ ಲೇಖಕ ಗಮನಿಸಿದ್ದಾನೆ.

ಪಾಲಾಗದ ಬಂಡವಾಳ

1694ರಲ್ಲಿ ತಕತೊಶಿ ತೀರಿಕೊಂಡಾಗ ಮನೆತನಕ್ಕೆ ಮೊದಲ ಪರೀಕ್ಷೆ ಬಂತು. ಅಣ್ಣತಮ್ಮಂದಿರು ಅನೇಕರು, ಎಲ್ಲರೂ ದುಡಿದವರು, ಎಲ್ಲರಿಗೂ ಹಕ್ಕಿತ್ತು. ತಮ್ಮ ತಮ್ಮ ಪಾಲನ್ನು ಕೇಳಿದ್ದರೆ ಮೂಲಪುರುಷನ ಸಂಪತ್ತು ಹತ್ತು ಸಾಧಾರಣ ಅಂಗಡಿಗಳಾಗಿ ಹರಿದು ಹೋಗುತ್ತಿತ್ತು. ಹಾಗಾಗಲಿಲ್ಲ. ತಂದೆ ಯಾರಿಗೆ ಎಷ್ಟು ಭಾಗವೆಂದು ಗೊತ್ತುಮಾಡಿದ್ದ. ಮಕ್ಕಳು ಆ ಭಾಗಗಳನ್ನು ಬೇರ್ಪಡಿಸದೆ ಒಟ್ಟಾಗಿಯೇ ಇಡುವುದಾಗಿ ಬರೆದುಕೊಟ್ಟರು. ಭಾಗವೆಂಬುದು ಲಾಭದಲ್ಲಿ ಪಡೆಯುವ ಪ್ರಮಾಣವಾಯಿತೇ ಹೊರತು ಕಿತ್ತುಕೊಂಡು ಹೋಗುವ ಸೊತ್ತಾಗಲಿಲ್ಲ.

1710ರಲ್ಲಿ ಈ ಒಪ್ಪಂದಕ್ಕೆ ಒಂದು ಸಂಸ್ಥೆಯ ರೂಪ ಬಂತು. ಕ್ಯೋಟೊದಲ್ಲಿ 'ಒಮೊತೊಕತ' ಎಂಬ ಕೇಂದ್ರ ಕಚೇರಿ ಸ್ಥಾಪನೆಯಾಯಿತು. ಎಲ್ಲ ಅಂಗಡಿಗಳ ಬಂಡವಾಳ ಅದರ ಅಧೀನ. ಪ್ರತಿಯೊಂದು ಅಂಗಡಿಯೂ ತಾನು ಪಡೆದ ಬಂಡವಾಳಕ್ಕೆ ತಕ್ಕ ಹಣವನ್ನು ಕಚೇರಿಗೆ ಸಲ್ಲಿಸಬೇಕು, ವರ್ಷಕ್ಕೆ ಎರಡು ಬಾರಿ ಲೆಕ್ಕ ಒಪ್ಪಿಸಬೇಕು. ಮನೆತನದ ಒಂದೊಂದು ಶಾಖೆಯ ಸಂಸಾರಖರ್ಚಿಗೂ ಅಲ್ಲಿಂದಲೇ ಗೊತ್ತಾದ ಮೊಬಲಗು ಬರುತ್ತಿತ್ತು. ಒಡೆಯರೇ ತಮ್ಮ ಮನೆಯಿಂದ ಸಂಬಳ ಪಡೆಯುವಂತಾಯಿತು.

ಈ ಏರ್ಪಾಡಿಗೂ ಮಕ್ಕಳ ಶಿಕ್ಷಣಕ್ಕೂ ನಿಕಟವಾದ ಸಂಬಂಧವಿದೆ. ತನಗೆ ಬರಬೇಕಾದ ಪಾಲು ಇಷ್ಟೆಂದು ಬಾಲ್ಯದಿಂದಲೇ ಬಲ್ಲ ಹುಡುಗನಿಗೆ ಕಲಿಯುವ ಅಗತ್ಯ ತೋರುವುದಿಲ್ಲ. ಪಾಲು ಕೈಗೆ ಬಾರದು, ಒಟ್ಟು ವ್ಯವಹಾರ ಬೆಳೆದರೆ ಮಾತ್ರ ತಾನೂ ಬೆಳೆಯುವೆನೆಂದು ತಿಳಿದವನು ಕೆಲಸದ ಕಡೆಗೆ ತಿರುಗುತ್ತಾನೆ. ಆಸ್ತಿಯ ಕಟ್ಟಳೆಯೇ ಹೀಗೆ ಪಾಠವಾಯಿತು.

ಸೋಚಿಕುವಿನ ಕಟ್ಟಳೆ

ತಕತೊಶಿಯ ಹಿರಿಯ ಮಗ ತಕಹಿರ, ವಾನಪ್ರಸ್ಥದಲ್ಲಿ ಸೋಚಿಕು ಎಂಬ ಹೆಸರಿನವನು, 1722ರಲ್ಲಿ, ತನ್ನ ಎಪ್ಪತ್ತನೆಯ ವರ್ಷದಲ್ಲಿ, ಮನೆತನಕ್ಕೆ ಒಂದು ಬರಹವನ್ನು ಬಿಟ್ಟುಕೊಟ್ಟ. 'ಸೋಚಿಕುವಿನ ಉಯಿಲು' ಎಂದು ಪ್ರಸಿದ್ಧವಾದ ಇದು ಮುಂದಿನ ಸುಮಾರು ಒಂದೂಮುಕ್ಕಾಲು ಶತಮಾನದ ಕಾಲ ಮಿತ್ಸುಯಿಗಳ ಶಾಸನವಾಗಿತ್ತು. ಮೂಲಪುರುಷನ ಮಕ್ಕಳಿಂದ ಬಂದ ಆರು ಮುಖ್ಯ ಮನೆಗಳು, ಹೆಣ್ಣುಮಕ್ಕಳ ಸಂಬಂಧದಿಂದ ಸೇರಿದ ಮೂರು ಮನೆಗಳು, ಹೀಗೆ ಒಂಬತ್ತು ಮನೆಗಳನ್ನು ಅದು ಕುಟುಂಬವೆಂದು ಗುರುತಿಸಿತು. ಮುಂದೆ ಇವು ಹನ್ನೊಂದಾದುವು. ಒಟ್ಟು ಸೊತ್ತನ್ನು 220 ಅಂಶಗಳೆಂದು ಭಾವಿಸಿ, ಹಿರಿಯ ಮನೆಗೆ 62 ಅಂಶಗಳನ್ನೂ ಉಳಿದವರಿಗೆ ಇಳಿಯುವ ಕ್ರಮದಲ್ಲಿ ಕಡಮೆ ಅಂಶಗಳನ್ನೂ ಗೊತ್ತುಮಾಡಿತು.

ಮಕ್ಕಳ ವಿಷಯದಲ್ಲಿ ಅದರ ವಿಧಿ ಕಠಿಣವಾದುದು. ಮನೆತನದ ಹುಡುಗರು ಎಳವೆಯಲ್ಲಿಯೇ ಅಂಗಡಿಗೆ ಸೇರಬೇಕು. ಅಲ್ಲಿ ಗುಮಾಸ್ತರ ಮತ್ತು ಮುಖ್ಯ ಗುಮಾಸ್ತರ ಕೈಕೆಳಗೆ ಇತರ ಆಳುಗಳಂತೆಯೇ ದುಡಿಯಬೇಕು. ಅವರನ್ನು ಒಡೆಯರೆಂದು ನಡೆಸಿಕೊಳ್ಳಕೂಡದು. ಬಟ್ಟೆ ಕೊಳ್ಳುವುದು, ಮಾರುವುದು, ಲೆಕ್ಕ ಬರೆಯುವುದು, ನಾಣ್ಯದ ಗುಣದೋಷ ನೋಡುವುದು ಇವನ್ನೆಲ್ಲ ಒಂದೊಂದಾಗಿ ಕಲಿತು, ಬೇರೆ ಬೇರೆ ಊರುಗಳ ಅಂಗಡಿಗಳಲ್ಲಿ ಪಳಗಿದ ಮೇಲೆಯೇ ಹಿರಿಯರ ಸಭೆಯಲ್ಲಿ ಕುಳಿತುಕೊಳ್ಳಬೇಕು.

ಇದರ ಕಠಿಣತೆಯನ್ನು ಅರಿಯಲು ಆ ಅಂಗಡಿಗಳ ಒಳಗಿನ ವ್ಯವಸ್ಥೆಯನ್ನು ತಿಳಿಯಬೇಕು. ಹನ್ನೆರಡು ಹದಿಮೂರರ ವಯಸ್ಸಿಗೆ ಸೇರಿದ ಹುಡುಗನಿಗೆ 'ದೆಚ್ಚಿ' ಎಂದು ಹೆಸರು. ಗುಡಿಸುವುದು, ನೀರು ತರುವುದು, ಸರಕು ಹೊರುವುದು, ಹೇಳಿದಲ್ಲಿಗೆ ಓಡುವುದು ಅವನ ಕೆಲಸ; ಊಟ ಬಟ್ಟೆಗಳ ಹೊರತು ಸಂಬಳವೆಂಬುದಿಲ್ಲ. ಸಂಜೆಯ ಹೊತ್ತು ಬರವಣಿಗೆ ಮತ್ತು ಮಣಿಚೌಕಟ್ಟಿನ ಲೆಕ್ಕದ ಅಭ್ಯಾಸ. ಕೆಲವು ವರ್ಷ ಕಳೆದು ವಯಸ್ಸಿಗೆ ಬಂದವನು 'ತೆದೈ', ಎಂದರೆ ಗುಮಾಸ್ತ. ಆ ಮೇಲೆ ದೀರ್ಘಕಾಲದ ಸೇವೆಯಿಂದ ಕೆಲವರು ಮಾತ್ರ 'ಬಾಂತೊ', ಎಂದರೆ ಮುಖ್ಯ ಗುಮಾಸ್ತರಾಗುತ್ತಿದ್ದರು. ನಡುವೆ ಬಿಟ್ಟುಹೋದವರು, ಕಳುಹಿಸಲ್ಪಟ್ಟವರು ಬಹಳ. ಕೊನೆಯವರೆಗೆ ನಿಂತವನಿಗೆ ಮನೆಯ ಲಾಂಛನವುಳ್ಳ ಪರದೆಯನ್ನು ಕೊಟ್ಟು ಸ್ವಂತ ಅಂಗಡಿ ಹಾಕಿಕೊಡುವ ಪದ್ಧತಿಯಿತ್ತು. ಇಂಥ ನಿಚ್ಚಣಿಕೆಯ ಕೆಳಗಿನ ಮೆಟ್ಟಿಲಿನ ಬಳಿ ಒಡೆಯನ ಮಗನನ್ನು ನಿಲ್ಲಿಸಿದುದು ಸಾಮಾನ್ಯವಾದ ನಿರ್ಧಾರವಲ್ಲ. ಮುಂದೊಂದು ದಿನ ತನ್ನ ಆಜ್ಞೆಯನ್ನು ಪಾಲಿಸಬೇಕಾದವನ ಆಜ್ಞೆಯನ್ನು ಅವನು ಇಂದು ಪಾಲಿಸಬೇಕಾಗಿತ್ತು.

ಇದರಿಂದ ಎರಡು ಪ್ರಯೋಜನಗಳಾದುವು. ಹುಡುಗ ಕೆಲಸವನ್ನು ಬಲ್ಲವನಾದ. ಆದುದರಿಂದ ಗುಮಾಸ್ತರು ಅವನನ್ನು ಮೋಸಗೊಳಿಸುವಂತಿರಲಿಲ್ಲ. ಅದರ ಜೊತೆಗೆ, ಯಾವ ಗುಮಾಸ್ತ ಸಮರ್ಥ, ಯಾವನು ಮಾತಿನಮಲ್ಲ ಎಂಬುದನ್ನು ಅವನು ಕೆಳಗಿನಿಂದ ನೋಡಿ ತಿಳಿದ. ಮನೆಗೆ ಒಳ್ಳೆಯ ಸೇವಕರನ್ನು ಆರಿಸುವುದೇ ಯಜಮಾನನ ಮುಖ್ಯ ಕರ್ತವ್ಯವೆಂಬುದು ಕಟ್ಟಳೆಯ ಅಭಿಪ್ರಾಯ. ಆರಿಸುವ ಈ ಕಣ್ಣು ಗಾದಿಯ ಮೇಲೆ ಕುಳಿತವನಿಗೆ ಬರುವುದು ಕಷ್ಟ.

ಕಟ್ಟಳೆಯಲ್ಲಿ ಇನ್ನೂ ಕೆಲವು ಗಮನಾರ್ಹ ವಿಧಿಗಳಿವೆ. ನಡತೆಗೆಟ್ಟು ಮನೆಗೆ ಕೇಡು ತರುವ ಬಂಧುವನ್ನು ಹಿರಿಯರು ಕೂಡಿ ವಿಚಾರಿಸಿ ವ್ಯವಹಾರದಿಂದ ದೂರವಿಡಬಹುದು. 'ದೈಮ್ಯೊ' ಎಂದು ಕರೆಯಲ್ಪಡುವ ದೊರೆಗಳಿಗೆ ಸಾಲ ಕೊಡಕೂಡದು. ದೇವರಲ್ಲಿ ಭಕ್ತಿ ಮನುಷ್ಯನಿಗೆ ಸಹಜವಾದರೂ, ಅದರ ನೆವದಲ್ಲಿ ಮನೆಯ ಉದ್ಯೋಗವನ್ನು ಅಲಕ್ಷಿಸಿ ಹೊನ್ನು ಬೆಳ್ಳಿಗಳನ್ನು ಚೆಲ್ಲುವುದು ಸಲ್ಲದು ಎಂಬ ಮಾತೂ ಅಲ್ಲಿದೆ. ಇದು ನಾಸ್ತಿಕನ ಮಾತಲ್ಲ. ಆಡಂಬರವನ್ನು ಭಕ್ತಿಯೆಂದು ತಿಳಿಯಬಾರದೆಂದು ವೃದ್ಧನೊಬ್ಬನು ಮೊಮ್ಮಕ್ಕಳಿಗೆ ಕೊಟ್ಟ ಎಚ್ಚರಿಕೆ.

ರಕ್ತಸಂಬಂಧವೇ ಯೋಗ್ಯತೆಯಲ್ಲ ಎಂಬ ಈ ಭಾವನೆಗೆ ಜಪಾನಿನ ಸಮಾಜದಲ್ಲಿ ಒಂದು ಆಧಾರವೂ ಇತ್ತು. ಸಮರ್ಥನಾದ ತರುಣನಿಗೆ ಮಗಳನ್ನು ಕೊಟ್ಟು, ಅವನನ್ನೇ ದತ್ತುಮಗನನ್ನಾಗಿ ಸ್ವೀಕರಿಸಿ ಮನೆಯ ಹೆಸರನ್ನೂ ವ್ಯಾಪಾರವನ್ನೂ ಒಪ್ಪಿಸುವ ಪದ್ಧತಿ ವರ್ತಕರಲ್ಲಿ ವ್ಯಾಪಕವಾಗಿತ್ತು. ಮಿತ್ಸುಯಿಗಳ ಸರಿಸಮಾನರಾದ ಸುಮಿತೊಮೊ ಮನೆತನದ ತಾಮ್ರದ ವ್ಯವಹಾರ ಬೆಳೆದುದು ಹೀಗೆ ಮನೆಯೊಳಗೆ ಬಂದ ಅಳಿಯನಾದ ತೊಮೊಮೊಚಿಯಿಂದ. ಅಲ್ಲಿ ಉಳಿಯಬೇಕಾದುದು ಮನೆ. ರಕ್ತ ಅದಕ್ಕೆ ಒಂದು ಸಾಧನ ಮಾತ್ರ.

ಬಿದ್ದ ಮನೆಗಳ ಚರಿತ್ರೆ

ಕಟ್ಟಳೆಯನ್ನು ಬರೆಯುವುದು ಸುಲಭ; ಅದರ ಅಗತ್ಯವನ್ನು ಕಷ್ಟವರಿಯದ ಮಕ್ಕಳ ಮನಸ್ಸಿಗೆ ಮುಟ್ಟಿಸುವುದು ಸುಲಭವಲ್ಲ. ಈ ಕೆಲಸವನ್ನು ಕೈಗೊಂಡವನು ತಕಹಿರನ ಮಗ ತಕಫುಸ. ಅವನು ಮೂರನೆಯ ತಲೆಮಾರಿನವನು. ಮನೆಗಳು ಬೀಳುವುದು ಮೂರನೆಯ ತಲೆಮಾರಿನಲ್ಲಿ ಎಂಬ ಭಯದ ಮಾತನ್ನು ತನ್ನ ಕುರಿತಾಗಿಯೇ ಕೇಳಿಕೊಳ್ಳಬೇಕಾಗಿದ್ದವನು.

ತಕಫುಸ 1720ರ ದಶಕದ ಕೊನೆಯಲ್ಲಿ, ವೃದ್ಧನಾದ ತಂದೆ ಹೇಳಿದ ನೆನಪುಗಳನ್ನು ಕೂಡಿಸಿ, 'ಚೋನಿನ್ ಕೋಕೆನ್ ರೊಕು' ಎಂಬ ಗ್ರಂಥವನ್ನು ಸಿದ್ಧಪಡಿಸಿದ. 'ಪಟ್ಟಣದ ವರ್ತಕರನ್ನು ಕುರಿತ ಅವಲೋಕನ' ಎಂಬುದು ಅದರ ಭಾವ. ಕ್ಯೋಟೊ ಪಟ್ಟಣದಲ್ಲಿ ಒಂದು ಕಾಲಕ್ಕೆ ಮೆರೆದು ಆ ಮೇಲೆ ಹಾಳಾದ ಸುಮಾರು ಐವತ್ತು ಶ್ರೀಮಂತ ಮನೆಗಳ ವೃತ್ತಾಂತ ಇದರಲ್ಲಿದೆ. ಇದು ಮಾರಾಟಕ್ಕಾಗಿ ಅಚ್ಚಾದ ಪುಸ್ತಕವಲ್ಲ; ಮನೆಯ ಮಕ್ಕಳ ಓದಿಗಾಗಿ ಬರೆದುದು. ಹೊರಗಿನ ಓದುಗರಿಗೆ ಅದು ಬಹುಕಾಲ ಕೈಬರಹದ ಪ್ರತಿಗಳಲ್ಲಿ ಮಾತ್ರ ದೊರೆಯುತ್ತಿತ್ತು.

ಸಾಮಾನ್ಯವಾಗಿ ಮನೆತನಗಳು ತಮ್ಮ ಪೂರ್ವಿಕರ ಹೊಗಳಿಕೆಯನ್ನು ಬರೆಯಿಸುತ್ತವೆ. ಮಿತ್ಸುಯಿಗಳು ಮಕ್ಕಳ ಕೈಗೆ ಕೊಟ್ಟುದು ಇತರರ ಸೋಲಿನ ಚರಿತ್ರೆಯನ್ನು. ಅದರಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳು ಮುಖ್ಯವಾಗಿ ಎರಡು. ಮೊದಲನೆಯದು ದೊರೆಗಳಿಗೆ ಕೊಟ್ಟ ಸಾಲ. ದೊಡ್ಡ ಬಡ್ಡಿಯ ಆಸೆಯಿಂದಲೂ ದೊಡ್ಡವರ ಸಂಗದ ಹೆಮ್ಮೆಯಿಂದಲೂ ವರ್ತಕರು ಸಾಲ ಕೊಟ್ಟರು. ದೊರೆ ಕೊಡಲಾರೆನೆಂದಾಗ ವಸೂಲಿಗೆ ಅವರಲ್ಲಿ ಯಾವ ಬಲವೂ ಇರಲಿಲ್ಲ. ಎರಡನೆಯದು ಭೋಗ. ಉಡುಗೆ, ಕಟ್ಟಡ, ಚಹಾಗೋಷ್ಠಿ, ಅಪೂರ್ವ ಪಾತ್ರೆಗಳ ಸಂಗ್ರಹ ಇವುಗಳಲ್ಲಿ ಯಜಮಾನ ಮುಳುಗಿ, ಅಂಗಡಿಯನ್ನು ಗುಮಾಸ್ತರಿಗೆ ಬಿಟ್ಟ. ಈ ಎರಡಕ್ಕೂ ಮೂಲ ಒಂದೇ ಎಂಬುದು ತಕಫುಸನ ನಿದಾನ. ಮನೆ ಕಟ್ಟಿದವನು ಕಷ್ಟದಿಂದ ಮೇಲೆ ಬಂದ. ಅವನ ಮಗ ಆ ಕಷ್ಟವನ್ನು ಕಣ್ಣಾರೆ ಕಂಡ. ಮೊಮ್ಮಗ ಹುಟ್ಟುವ ವೇಳೆಗೆ ಮನೆ ತುಂಬಿತ್ತು, ಹಣ ಹೇಗೆ ಬರುತ್ತದೆಂಬುದನ್ನು ಅವನು ಕಾಣಲೇ ಇಲ್ಲ. ಕಾಣದುದನ್ನು ಅವನು ಕಾಪಾಡುವುದೆಂತು?

ಈ ಭಯ ಕೇವಲ ಕಲ್ಪನೆಯಾಗಿರಲಿಲ್ಲ. ಒಸಾಕ ಪಟ್ಟಣದ ಯೊದೊಯ ಎಂಬ ಮಹಾಶ್ರೀಮಂತ ಮನೆಯ ಸೊತ್ತನ್ನು, ಅಂತಸ್ತಿಗೆ ಮೀರಿದ ವೈಭವದ ಆಪಾದನೆಯ ಮೇಲೆ, 1705ರಲ್ಲಿ ಶೋಗುನನ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಆಗ ಅದರ ಯಜಮಾನ ಇನ್ನೂ ತರುಣ. ತಕಫುಸನ ಕಾಲದ ವರ್ತಕರಿಗೆ ಇದು ಕಣ್ಣೆದುರಿನ ನಿದರ್ಶನವಾಗಿತ್ತು.

ಮನೆಯೊಳಗಿನ ಬಿರುಕು

ಇಷ್ಟೆಲ್ಲ ಎಚ್ಚರವಿದ್ದ ಮನೆ ತಾನು ಎಡವಲಿಲ್ಲವೇ? ಎಡವಿತು; ಅದನ್ನು ಮರೆಮಾಚಿದರೆ ಚರಿತ್ರೆ ಅಪೂರ್ಣವಾಗುತ್ತದೆ. ದೊರೆಗಳಿಗೆ ಸಾಲ ಬೇಡವೆಂದು ಕಟ್ಟಳೆ ಹೇಳಿದರೂ, ಮತ್ಸುಸಕದ ಒಡೆಯನಾದ ಕೀ ಪ್ರಾಂತದ ದೊರೆಯ ಕೋರಿಕೆಯನ್ನು ಮಿತ್ಸುಯಿಗಳು ತಳ್ಳಿಹಾಕುವಂತಿರಲಿಲ್ಲ. ಸರ್ಕಾರದ ಕಡ್ಡಾಯ ವಂತಿಗೆಗಳೂ ಬಂದುವು. ಇದಕ್ಕಿಂತ ಕೆಟ್ಟುದು, ಕುಟುಂಬದ ಕೆಲವು ಶಾಖೆಗಳವರು ಗೊತ್ತಾದ ಮೊಬಲಗಿನಲ್ಲಿ ಬಾಳಲಾರದೆ ಸಾಲಗಾರರಾದುದು. ಒಟ್ಟು ಬಂಡವಾಳದ ಮೇಲೆ ಭಾರ ಬಿತ್ತು, ಮನೆಗಳ ನಡುವೆ ಮನಸ್ತಾಪ ಬೆಳೆಯಿತು. 1774ರಲ್ಲಿ ವ್ಯಾಪಾರವನ್ನೂ ಬಂಡವಾಳವನ್ನೂ ಮೂರು ಗುಂಪುಗಳಾಗಿ ಹಂಚಿಕೊಳ್ಳಬೇಕಾಯಿತು. ಮೂಲಪುರುಷ ತೀರಿಕೊಂಡ ಎಂಬತ್ತು ವರ್ಷಗಳಿಗೆ, ಅವನ ಮಕ್ಕಳು ಬರೆದುಕೊಟ್ಟಿದ್ದ ವಚನ ಮುರಿದುಬಿತ್ತು.

ಆದರೆ ಬೇರಾದ ಮನೆಗಳು ಮತ್ತೆ ಕೂಡಿದುವು. 1797ರಲ್ಲಿ ಮೂರು ಗುಂಪುಗಳು ಹಳೆಯ ಒಪ್ಪಂದಕ್ಕೆ ಹಿಂದಿರುಗಿ ಬಂಡವಾಳವನ್ನು ಒಂದುಗೂಡಿಸಿದುವು. ಹಿಂದಿರುಗಲು ಒಂದು ಬರೆದಿಟ್ಟ ಕಟ್ಟಳೆ ಇದ್ದುದರಿಂದಲೇ ಇದು ಸಾಧ್ಯವಾಯಿತು. ಹಿರಿಯರ ಬರಹ ಬಿರುಕನ್ನು ತಡೆಯಲಿಲ್ಲ. ಬಿರುಕಿನ ನಂತರ ಕೂಡಿಬರಲು ದಾರಿ ತೋರಿಸಿತು.

ಹೊರಗಿನಿಂದ ಬಂದ ಕೈ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಪಾನಿನ ಬಾಗಿಲು ವಿದೇಶೀಯರಿಗೆ ತೆರೆದು ಶೋಗುನರ ರಾಜ್ಯವೇ ಅಲುಗಾಡತೊಡಗಿದಾಗ, ಕುಟುಂಬದೊಳಗೆ ಈ ಬಿರುಗಾಳಿಯನ್ನು ಎದುರಿಸಬಲ್ಲವರು ಇರಲಿಲ್ಲ. ಆಗ ಮಿತ್ಸುಯಿಗಳು 1866ರಲ್ಲಿ ಮಿನೊಮುರ ರಿಜಯೆಮೊನ್ ಎಂಬವನನ್ನು ಕೆಲಸಕ್ಕೆ ಕರೆದರು. ಅವನು ಬಡತನದಲ್ಲಿ ಬೆಳೆದು ಸಣ್ಣ ಸರಾಫನಾಗಿದ್ದವನು. ಓದುಬರಹ ಅಷ್ಟಾಗಿ ಬಾರದವನೆಂಬ ಪ್ರತೀತಿಯುಂಟು. ಸರ್ಕಾರ ಬೇಡಿದ ಭಾರಿ ವಂತಿಗೆಯನ್ನು ಮಾತುಕತೆಯಿಂದ ಇಳಿಸಿದ ಅವನು ಕೆಲವೇ ವರ್ಷಗಳಲ್ಲಿ ಇಡೀ ಮನೆಯ ಮುಖ್ಯ ಕಾರ್ಯಭಾರಿಯಾದ. 1868ರ ರಾಜ್ಯಕ್ರಾಂತಿಯಲ್ಲಿ ಮನೆ ಹೊಸ ಸರ್ಕಾರದ ಪಕ್ಷ ಹಿಡಿಯಿತು. 1874ರಲ್ಲಿ ಆ ಸರ್ಕಾರ ತನ್ನ ಹಣಕ್ಕೆ ಹಠಾತ್ತನೆ ಪೂರ್ಣ ಭದ್ರತೆ ಕೇಳಿದಾಗ, ಸಮಾನಸ್ಕಂಧರಾಗಿದ್ದ ಓನೊ ಮತ್ತು ಶಿಮದ ಮನೆಗಳು ದಿವಾಳಿಯೆದ್ದುವು, ಮಿತ್ಸುಯಿ ಉಳಿಯಿತು. 1876ರಲ್ಲಿ ಮಿತ್ಸುಯಿ ಬ್ಯಾಂಕೂ ಮಸುದ ತಕಶಿಯ ನೇತೃತ್ವದಲ್ಲಿ ಮಿತ್ಸುಯಿ ವ್ಯಾಪಾರ ಕಂಪನಿಯೂ ಹುಟ್ಟಿದುವು. ಹಳೆಯ ಜವಳಿ ಅಂಗಡಿಯನ್ನು 1872ರಲ್ಲಿ ಪ್ರತ್ಯೇಕಿಸಲಾಯಿತು. ಅದೇ ಮುಂದೆ ಮಿತ್ಸುಕೊಶಿ ಎಂಬ ಹೆಸರಿನ ಪ್ರಸಿದ್ಧ ಮಳಿಗೆಯಾಯಿತು.

ಒಡೆಯರಾಗಿದ್ದವರು ಹೊರಗಿನವನಿಗೆ ಚುಕ್ಕಾಣಿಯನ್ನು ಕೊಟ್ಟುದು ದೌರ್ಬಲ್ಯದ ಲಕ್ಷಣವೆಂದು ತೋರಬಹುದು. ಆದರೆ ಸಮರ್ಥರನ್ನು ಆರಿಸುವುದೇ ಯಜಮಾನನ ಕರ್ತವ್ಯವೆಂದು ಸೋಚಿಕು ಹೇಳಿದ್ದುದರ ಫಲ ಇದು ಎಂಬುದೇ ಸರಿಯಾದ ಅಭಿಪ್ರಾಯ. ಗುಮಾಸ್ತನ ಕೈಕೆಳಗೆ ದುಡಿದು ಬೆಳೆದ ಮನೆತನಕ್ಕೆ ಗುಮಾಸ್ತನ ಮಾತನ್ನು ಕೇಳುವುದು ಅವಮಾನವಾಗಿ ಕಾಣಲಿಲ್ಲ.

1900ರಲ್ಲಿ ಮನೆತನಕ್ಕೆ ಹೊಸ ಸಂವಿಧಾನ ಬಂತು. 1909ರಲ್ಲಿ ಎಲ್ಲ ಉದ್ಯಮಗಳ ಒಡೆತನ ಒಂದು ಕೇಂದ್ರ ಕಂಪನಿಗೆ ಸೇರಿತು. ಆದರೆ ಈ ಬೃಹದಾಕಾರವೇ ಜನರ ಕೋಪಕ್ಕೂ ಗುರಿಯಾಯಿತು. ಆ ಕಂಪನಿಯ ಮುಖ್ಯಸ್ಥನಾಗಿದ್ದ ದಾನ್ ತಕುಮ 1932ರಲ್ಲಿ ಉಗ್ರಗಾಮಿಯೊಬ್ಬನ ಗುಂಡಿಗೆ ಬಲಿಯಾದ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆಡಳಿತ ಇಂಥ ಕೌಟುಂಬಿಕ ಸಾಮ್ರಾಜ್ಯಗಳನ್ನು ವಿಸರ್ಜಿಸಿದಾಗ ಮನೆತನದ ಒಡೆತನ ಕೊನೆಗೊಂಡಿತು. ಮಿತ್ಸುಯಿ ಹೆಸರಿನ ಕಂಪನಿಗಳು ಇಂದಿಗೂ ಇವೆ. ಅವು ಈಗ ಆ ವಂಶದ ಸೊತ್ತಲ್ಲ. ಮನೆತನದ ಹಳೆಯ ಲೆಕ್ಕಪತ್ರಗಳೂ ಕಟ್ಟಳೆಗಳೂ ಟೋಕಿಯೊದ ಮಿತ್ಸುಯಿ ಬುಂಕೊ ಎಂಬ ಭಂಡಾರದಲ್ಲಿ ಸುರಕ್ಷಿತವಾಗಿವೆ.

ಸಮಾಲೋಚನೆ

ಈ ಪದ್ಧತಿಗೆ ಬೆಲೆಯೂ ತೆರಬೇಕಾಯಿತು. ಹುಡುಗನ ಬಾಲ್ಯ ಅಂಗಡಿಯಲ್ಲಿ ಕಳೆಯುತ್ತಿತ್ತು. ಅವನ ಒಲವು ಯಾವ ಕಡೆಗಿದೆಯೆಂದು ಕೇಳುವವರಿರಲಿಲ್ಲ. ಕಿರಿಯ ಶಾಖೆಯಲ್ಲಿ ಹುಟ್ಟಿದವನು ಎಷ್ಟು ಸಮರ್ಥನಾದರೂ ಅವನ ಅಂಶ ಗೊತ್ತಾದ ಅಂಶವೇ. ಎಲ್ಲಕ್ಕಿಂತ ಹೆಚ್ಚಾಗಿ, ಶುಹೊ ಎಂಬ ತಾಯಿಯಿಂದ ಆರಂಭವಾದ ಮನೆಯಲ್ಲಿ, ಬರೆದಿಟ್ಟ ಕಟ್ಟಳೆ ಹೆಣ್ಣುಮಕ್ಕಳಿಗೆ ವ್ಯವಹಾರದಲ್ಲಿ ಸ್ಥಾನವನ್ನು ಕೊಡಲಿಲ್ಲ. ಅಳಿಯನ ಮೂಲಕ ಮಾತ್ರ ಮಗಳ ಹೆಸರು ಲೆಕ್ಕಕ್ಕೆ ಬಂತು. ಮೊದಲ ಗುರುವನ್ನು ಮರೆತ ಪಾಠಶಾಲೆಯದು.

ಈ ಕುಂದುಗಳಿದ್ದರೂ ಮಿತ್ಸುಯಿ ಚರಿತ್ರೆ ಕಲಿಸುವ ಮುಖ್ಯ ಪಾಠಕ್ಕೆ ಕುಂದಿಲ್ಲ. ಉತ್ತರಾಧಿಕಾರವೆಂಬುದು ಹುಟ್ಟಿನಿಂದ ಬರುವ ಅವಕಾಶ ಮಾತ್ರ; ಅಧಿಕಾರವಾಗಬೇಕಾದರೆ ಅದನ್ನು ಸಂಪಾದಿಸಬೇಕು. ಮಗನಿಗೆ ಬೀಗದ ಕೈ ಕೊಡುವ ಮೊದಲು ಕಸಬರಿಗೆಯನ್ನು ಕೊಟ್ಟ ತಂದೆ ಕ್ರೂರಿಯಲ್ಲ, ದೂರದೃಷ್ಟಿಯುಳ್ಳವನು. ಪೂರ್ವಿಕರ ಗೆಲುವಿನ ಕಥೆಯೊಂದಿಗೆ ನೆರೆಯವರ ಸೋಲಿನ ಕಥೆಯನ್ನೂ ಹೇಳಿಕೊಟ್ಟ ಮನೆ ಮಕ್ಕಳಿಗೆ ಕೊಟ್ಟುದು ಹಣಕ್ಕಿಂತ ದೊಡ್ಡದಾದ ವಿವೇಕವನ್ನು. ಆ ವಿವೇಕ ಜಾಗೃತವಾಗಿದ್ದಷ್ಟು ಕಾಲ ಮನೆ ನಿಂತಿತು. ಮರೆತ ಕಾಲದಲ್ಲಿ ಒಡೆಯಿತು. ನೆನೆದ ಕಾಲದಲ್ಲಿ ಮತ್ತೆ ಕೂಡಿತು. ಮುಂದಿನವರಿಗೆ ಏನನ್ನು ಬಿಟ್ಟುಹೋಗಬೇಕೆಂದು ಯೋಚಿಸುವ ಹಿರಿಯರು ಅದರ ಜೊತೆಗೆ, ಬಿಟ್ಟುಹೋದುದನ್ನು ಹಿಡಿಯುವ ಕೈಗಳನ್ನು ತಾವು ಬೆಳೆಸಿದ್ದೇವೆಯೇ ಎಂದೂ ಯೋಚಿಸಬೇಕೆಂಬುದೇ ಒಂಬತ್ತು ಅಡಿಯ ಆ ಅಂಗಡಿಯ ಇತಿಹಾಸದಿಂದ ತಿಳಿದುಬರುವ ಸಾರ.